ಹಳೆ ಅಮೆರಿಕನ್ ಕಾರು: ಮೊದಲು ನಂಬರು, ಆಮೇಲೆ ತುಕ್ಕು, ಕೊನೆಗೆ ಬಣ್ಣ

ಮಾನ್ಯ ಸಂಪಾದಕರೇ,

ಪ್ರತಿ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್, ಫ್ಲಾರಿಡಾದ ಕಿಸಿಮ್ಮಿಯಲ್ಲಿ ಮೀಕಮ್ ಸಂಸ್ಥೆಗಳು ಹಳೆ ಕಾರುಗಳ ದೊಡ್ಡ ಹರಾಜು ನಡೆಸುತ್ತವೆ. ಕನ್ನಡ ಪತ್ರಿಕೆಗಳಲ್ಲಿ ಅದರ ಸುದ್ದಿ ಬಂದರೆ ಇರುವುದು ಹೊಳೆಯುವ ಕೆಂಪು ಕಾರಿನ ಫೋಟೊ, ಡಾಲರ್ ಲೆಕ್ಕ, ಅದನ್ನು ರೂಪಾಯಿಗೆ ಗುಣಿಸಿದ ಇನ್ನೊಂದು ಲೆಕ್ಕ, ಅಷ್ಟೇ. ಆ ಕಾರಿಗೆ ಆ ಬೆಲೆ ಯಾಕೆ ಬಂತು, ಹೊರಗಿನಿಂದ ಅದರ ಅವಳಿಯಂತೆಯೇ ಕಾಣುವ ಇನ್ನೊಂದು ಕಾರು ಯಾಕೆ ಅದರ ಹತ್ತಿರಕ್ಕೂ ಹೋಗಲಿಲ್ಲ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಬೆಲೆಯ ಪಕ್ಕದಲ್ಲಿ ಆ ಕಾರಿನ ಇಂಜಿನ್ ಕೋಡ್ ಯಾವುದು, ಕಾರ್ಖಾನೆಯ ದಾಖಲೆ ಇತ್ತೇ ಎಂಬ ಒಂದು ಸಾಲು ಸೇರಿಸಿದರೆ ಸುದ್ದಿಗೆ ಅರ್ಥ ಬರುತ್ತದೆ.

ಇದನ್ನು ಬರೆಯಲು ಕಾರಣವಿದೆ. ಡೆಟ್ರಾಯಿಟ್ ಸುತ್ತಮುತ್ತಲಿನ ಟ್ರಾಯ್, ನೊವೈ, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆ ಕಾರುಗಳ ಸಾಲು ಕಂಡವರಿಗೆ ತಾವೂ ಒಂದು ಕೊಂಡು ಸರಿಮಾಡಬೇಕು ಅನ್ನಿಸುವುದು ಸಹಜ. ಊರಿನ ನೆಂಟರಿಂದಲೂ ಫೋನ್ ಬರುತ್ತದೆ: "ಅಲ್ಲೇ ಇದ್ದೀಯಲ್ಲಪ್ಪ, ಒಂದು ಒಳ್ಳೆ ಮಸ್ಟ್ಯಾಂಗ್ ನೋಡಿ ಕಳಿಸು." ಇಂಥ ಖರೀದಿಗಳಲ್ಲಿ ದುಡ್ಡು ಹೋಗುವುದು ಹೆಚ್ಚಾಗಿ ಇಂಜಿನ್ನಿನಿಂದಲ್ಲ. ವಿ8 (ಎಂಟು ಸಿಲಿಂಡರಿನ) ಇಂಜಿನ್ನಿಗೆ ಬೇಕಾದ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ಇಂದಿಗೂ ಹೊಸದಾಗಿ ಸಿಗುತ್ತವೆ. ಬೋರ್ ಮಾಡಿ ಜೋಡಿಸಿಕೊಡುವ ಮಷೀನ್ ಶಾಪ್‌ಗಳೂ ಅಮೆರಿಕದಲ್ಲಿ ಬೇಕಾದಷ್ಟಿವೆ. ನುಂಗುವುದು ಬಾಡಿಯ ತುಕ್ಕು. ಅದಕ್ಕಿಂತ ದೊಡ್ಡ ಮೋಸ, ಕಾರ್ಖಾನೆ ಕಾರಿಗೆ ಕೊಟ್ಟ ಗುರುತಿನ ನಂಬರನ್ನೇ ಸುಳ್ಳು ಮಾಡುವುದು.

ಉದಾಹರಣೆಗೆ ಫೋರ್ಡ್ ಮಸ್ಟ್ಯಾಂಗನ್ನೇ ತೆಗೆದುಕೊಳ್ಳೋಣ. ಮೊದಲ ಸಲ ಕೊಳ್ಳುವವರ ಕಣ್ಣು ಬೀಳುವುದು ಅದರ ಮೇಲೇ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬಿಡುಗಡೆಯಾದಾಗ ಇದರ ಆರಂಭಿಕ ಬೆಲೆ 2,368 ಡಾಲರ್. 1965ರ ಮಾಡೆಲ್ ವರ್ಷದಲ್ಲೇ 6,80,989 ಕಾರುಗಳು ತಯಾರಾದವು, 1966ರಲ್ಲಿ 6,07,568. ಅಂದರೆ ಇದು ಅಪರೂಪದ ಕಾರಲ್ಲ. ಅಪರೂಪವಾಗಿರುವುದು ಅದರ ಕೆಲವು ಬಗೆಗಳು ಮಾತ್ರ. ಯಾವ ಬಗೆ ಎಂದು ಹೇಳುವುದು ಹನ್ನೊಂದು ಅಕ್ಷರ-ಅಂಕಿಗಳ ಒಂದು ಸಾಲು.

5F09A ಎಂದು ಶುರುವಾಗುವ ನಂಬರ್ ಇದೆ ಎನ್ನಿ. 5 ಎಂದರೆ 1965ರ ಮಾಡೆಲ್. F ಎಂದರೆ ಡಿಯರ್‌ಬರ್ನ್ ಕಾರ್ಖಾನೆ. R ಇದ್ದರೆ ಸ್ಯಾನ್ ಹೊಸೆ, T ಇದ್ದರೆ ನ್ಯೂಜೆರ್ಸಿಯ ಮೆಟಚನ್. ಮುಂದಿನ ಎರಡು ಅಂಕಿ ಬಾಡಿಯದು: 07 ಸಾದಾ ಕೂಪೆ, 08 ಮಡಚುವ ಟಾಪಿನದು, 09 ಫಾಸ್ಟ್‌ಬ್ಯಾಕ್, ಅಂದರೆ ಮಾಡು ಹಿಂದಕ್ಕೆ ಇಳಿಜಾರಾದದ್ದು. ಐದನೆಯ ಅಕ್ಷರ ಇಂಜಿನ್ನಿನದು, ಬೆಲೆ ನಿಂತಿರುವುದು ಅದರ ಮೇಲೆಯೇ. T ಎಂದರೆ 200 ಘನ ಇಂಚಿನ ಆರು ಸಿಲಿಂಡರ್, 120 ಅಶ್ವಶಕ್ತಿ. C ಎಂದರೆ 289 ಘನ ಇಂಚಿನ ವಿ8, ಎರಡು ಬ್ಯಾರಲ್ (ಗಾಳಿ ಎಳೆಯುವ ಕೊಳವೆ) ಕಾರ್ಬುರೇಟರ್, 200 ಅಶ್ವಶಕ್ತಿ. A ಎಂದರೆ ಅದೇ ವಿ8, ನಾಲ್ಕು ಬ್ಯಾರಲ್, 225 ಅಶ್ವಶಕ್ತಿ. K ಎಂದರೆ 271 ಅಶ್ವಶಕ್ತಿಯ ಹೈ-ಪರ್ಫಾರ್ಮೆನ್ಸ್ ಇಂಜಿನ್; ಸಂಗ್ರಹಕಾರರು ಹುಡುಕುವುದು ಇದನ್ನೇ. ಉಳಿದ ಆರು ಅಂಕಿ ಕ್ರಮಸಂಖ್ಯೆ, ಅದು 100001ರಿಂದ ಶುರು.

ಈ ಸಾಲನ್ನು ಎಲ್ಲಿ ಓದಬೇಕು ಎಂಬುದೂ ಮುಖ್ಯ. ಡ್ರೈವರ್ ಬಾಗಿಲಿನ ಅಂಚಿಗೆ ರಿವೆಟ್ ಹೊಡೆದ ತಗಡಿನ ಪಟ್ಟಿಯನ್ನು ಮಾರುವವರು ಮೊದಲು ತೋರಿಸುತ್ತಾರೆ. ಅದನ್ನು ನಂಬಬೇಡಿ. ಬಾಗಿಲು ಬದಲಾಗಿರಬಹುದು, ಅಂಥ ಪಟ್ಟಿಗಳು ಹೊಸದಾಗಿ ಅಚ್ಚು ಹಾಕಿಸಿಯೂ ಸಿಗುತ್ತವೆ. ಬಾನೆಟ್ ಎತ್ತಿ ಡ್ರೈವರ್ ಬದಿಯ ಮಡ್‌ಗಾರ್ಡ್‌ನ ಮೇಲಂಚು ನೋಡಿ. ಅಲ್ಲಿ ಕತ್ತರಿಸಿಬಿಟ್ಟ ಒಂದು ಸಂದಿ ಇರುತ್ತದೆ, ಅದರೊಳಗೆ ಇಂಜಿನ್ ಪಕ್ಕದ ಒಳಗೋಡೆಯಾದ ಏಪ್ರನ್ ತಗಡಿನ ಮೇಲೆಯೇ ನಂಬರ್ ಕುಟ್ಟಿರುತ್ತಾರೆ. ಬಾಗಿಲಿನ ಪಟ್ಟಿ, ಏಪ್ರನ್, ಮಾಲೀಕತ್ವದ ಟೈಟಲ್ ಪತ್ರ ಮೂರೂ ಒಂದೇ ಹೇಳಬೇಕು. ಏಪ್ರನ್ ಮೇಲಿನ ಅಕ್ಷರಗಳ ಸುತ್ತ ವೆಲ್ಡಿಂಗ್ ಗುರುತು ಕಂಡರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಈಗ ಸಾಮಾನ್ಯವಾಗಿ ನಡೆಯುವ ಎರಡು ವೇಷ. ಒಂದು, ಆರು ಸಿಲಿಂಡರಿನ ಕಾರಿಗೆ ವಿ8 ಹಾಕಿ ವಿ8 ಎಂದೇ ಮಾರುವುದು. ನಂಬರ್ ನೋಡದೆಯೂ ಇದು ಸಿಕ್ಕಿಬೀಳುತ್ತದೆ: ಕಾರ್ಖಾನೆಯಿಂದ ಬಂದ ಆರು ಸಿಲಿಂಡರಿನ ಕಾರಿನ ಚಕ್ರಕ್ಕೆ ನಾಲ್ಕು ಬೋಲ್ಟು, ವಿ8ಗೆ ಐದು. ಇಂಜಿನ್ ಮಾತ್ರ ಬದಲಿಸಿ ಬ್ರೇಕು, ಆಕ್ಸಲ್ ಹಾಗೇ ಬಿಟ್ಟ ಕಾರುಗಳೂ ಇವೆ. ಅವು ಅಪಾಯಕಾರಿ, ಯಾಕೆಂದರೆ ಆರು ಸಿಲಿಂಡರಿನ ಕಾರಿನ ಬ್ರೇಕ್ ಡ್ರಮ್ ಚಿಕ್ಕದು, ಮುಂದಿನ ಚಕ್ರ ಕೂರುವ ಸ್ಪಿಂಡಲ್ ಸಣ್ಣದು, ಹಿಂದಿನ ಆಕ್ಸಲ್ಲಿನ ದೊಡ್ಡ ಗೇರೂ 7.25 ಇಂಚಿನದು. ವಿ8ಗೆ ಕೊಟ್ಟದ್ದು 8 ಇಂಚಿನದು, K ಕಾರಿಗೆ 9 ಇಂಚಿನದು.

ಎರಡನೆಯದು ಜಿಟಿ ವೇಷ. 1965 ಮತ್ತು 1966ರಲ್ಲಿ ಕಾರ್ಖಾನೆಯ ಜಿಟಿ ಪ್ಯಾಕೇಜ್, ಅಂದರೆ ಸ್ಪೋರ್ಟ್ಸ್ ಬಿಡಿಭಾಗಗಳ ಗುಚ್ಛ, ಸಿಗುತ್ತಿದ್ದದ್ದು A ಅಥವಾ K ಇಂಜಿನ್ ಜೊತೆ ಮಾತ್ರ. ಆದ್ದರಿಂದ ನಂಬರಿನಲ್ಲಿ C ಇದ್ದು ಗ್ರಿಲ್‌ನಲ್ಲಿ ಫಾಗ್ ಲ್ಯಾಂಪು, ಪಕ್ಕದಲ್ಲಿ ಪಟ್ಟೆ, ಮಡ್‌ಗಾರ್ಡ್ ಮೇಲೆ ಜಿಟಿ ಬ್ಯಾಡ್ಜ್ ಇದ್ದರೆ ಅದು ಯಾರೋ ಆಮೇಲೆ ಅಂಟಿಸಿದ ಅಲಂಕಾರ. ಆ ಬಿಡಿಭಾಗಗಳೆಲ್ಲ ಕ್ಯಾಟಲಾಗಿನಲ್ಲಿ ಸಿಗುತ್ತವೆ. A ಇದ್ದರೂ ಪೂರ್ತಿ ನಂಬುವಂತಿಲ್ಲ. ಕೆಳಗೆ ಮಲಗಿ ನೋಡಿ: ನಿಜವಾದ ಜಿಟಿಯಲ್ಲಿ ಎರಡು ಸೈಲೆನ್ಸರ್ ಕೊಳವೆಯ ತೂಕ ಹೊರಲು ಹಿಂದಿನ ಫ್ರೇಮ್ ರೈಲಿಗೆ (ಬಾಡಿಯ ಅಡಿಗೇ ಬೆಸೆದ ಉದ್ದನೆಯ ಉಕ್ಕಿನ ತೊಲೆ) ಕಾರ್ಖಾನೆಯಲ್ಲೇ ಬೆಸೆದ ಗಟ್ಟಿ ಪ್ಲೇಟುಗಳಿರುತ್ತವೆ, ಮುಂದೆ ಡಿಸ್ಕ್ ಬ್ರೇಕ್ ಇರುತ್ತದೆ. ಬ್ಯಾಡ್ಜ್ ಅಂಟಿಸುವವರು ಈ ಪ್ಲೇಟುಗಳ ತನಕ ಹೋಗುವುದು ಕಡಿಮೆ.

ಜಾಹೀರಾತುಗಳಲ್ಲಿ ಅತಿ ಹೆಚ್ಚು ಸವೆದ ಮಾತು "ನಂಬರ್ಸ್ ಮ್ಯಾಚಿಂಗ್". ಕಾರಿನ ನಂಬರೂ ಇಂಜಿನ್ ಮೇಲಿನ ನಂಬರೂ ಒಂದೇ ಎಂದು ಅದರ ಭಾವ. ಆದರೆ 1968ಕ್ಕಿಂತ ಹಿಂದಿನ ಮಸ್ಟ್ಯಾಂಗ್‌ಗಳಲ್ಲಿ, K ಬಿಟ್ಟರೆ, ಇಂಜಿನ್ ಮೇಲೆ ಕಾರಿನ ನಂಬರನ್ನು ಫೋರ್ಡ್ ಕುಟ್ಟುತ್ತಲೇ ಇರಲಿಲ್ಲ. 1965ರ C ಕಾರು "ನಂಬರ್ಸ್ ಮ್ಯಾಚಿಂಗ್" ಎಂದು ಯಾರಾದರೂ ಬರೆದಿದ್ದರೆ ಹೊಂದಿಕೆಯಾಗಲು ಅಲ್ಲಿ ನಂಬರೇ ಇಲ್ಲ! ಹೊಂದಿಸಬಹುದಾದದ್ದು ತಾರೀಖು ಮಾತ್ರ. 289 ಇಂಜಿನ್ನಿನ ಬ್ಲಾಕಿನ (ಎರಕದ ಒಡಲು) ಮೇಲೆ ಎರಕದ ತಾರೀಖು 5C12 ಎಂಬ ಮಾದರಿಯಲ್ಲಿರುತ್ತದೆ: 1965, ಮೂರನೆಯ ತಿಂಗಳು, 12ನೇ ದಿನ. ಬಾಗಿಲ ಪಟ್ಟಿಯಲ್ಲಿ ಕಾರು ಜೋಡಿಸಿದ ದಿನವೂ ಇದೇ ಬಗೆಯ ಕೋಡಿನಲ್ಲಿ ಇರುತ್ತದೆ. ಎರಕ ಮೊದಲು, ಜೋಡಣೆ ಸ್ವಲ್ಪ ಆಮೇಲೆ ಇದ್ದರೆ ಸರಿ. ಕಾರು ಮಾರ್ಚ್‌ನಲ್ಲಿ ಹೊರಬಿದ್ದು ಅದರ ಬ್ಲಾಕ್ ಜೂನ್‌ನಲ್ಲಿ ಎರಕಗೊಂಡಿದ್ದರೆ ಹೇಳುವುದೇನಿದೆ. ಬಿಡಿಭಾಗದ ಎರಕದ ನಂಬರಿಗೂ ವ್ಯಾಕರಣವಿದೆ. C5AE ಎಂದು ಶುರುವಾದರೆ C ಎಂದರೆ ಅರವತ್ತರ ದಶಕ, 5 ಎಂದರೆ 1965. D ಎಂದರೆ ಎಪ್ಪತ್ತರ ದಶಕ. ಆ ವಿನ್ಯಾಸ ಯಾವ ವರ್ಷದ್ದು ಎಂದಷ್ಟೇ ಅದು ಹೇಳುತ್ತದೆ, ಬ್ಲಾಕ್ ಎರಕಗೊಂಡ ದಿನವನ್ನಲ್ಲ. ಇವೆರಡನ್ನು ಗೊಂದಲ ಮಾಡಿಕೊಳ್ಳುವವರು ಬಹಳ.

ಷೆವ್ರೊಲೆಯಲ್ಲಿ ಕಥೆಯೇ ಬೇರೆ. ಅಲ್ಲಿ 1968ರಿಂದ ಕಾರಿನ ನಂಬರಿನ ಒಂದು ಭಾಗ ಇಂಜಿನ್ ಮೇಲೂ ಬೀಳುತ್ತದೆ. ವಿ8ರ ಬಲಗಡೆ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲಿ ಹೆಬ್ಬೆರಳಗಲದ ಚಪ್ಪಟೆ ಜಾಗವಿದೆ, ಅದೇ ಸ್ಟ್ಯಾಂಪ್ ಪ್ಯಾಡ್. 1969ರ ಕಮಾರೊ ಕಾರಿನ ಝಡ್/28 ಎಂಬ ವೇಗದ ಬಗೆಯ 302 ಘನ ಇಂಚಿನ ಇಂಜಿನ್ ಆದರೆ ಅಲ್ಲಿ V ಅಕ್ಷರ, ತಿಂಗಳು-ದಿನದ ನಾಲ್ಕು ಅಂಕಿ, ಕೊನೆಗೆ DZ ಇರಬೇಕು. V ಎಂದರೆ ಫ್ಲಿಂಟ್ ಇಂಜಿನ್ ಕಾರ್ಖಾನೆ. ಇಲ್ಲಿ ಕಳ್ಳತನ ಹೇಗೆಂದರೆ, ಯಾವುದೋ ಬ್ಲಾಕಿನ ಪ್ಯಾಡ್ ಉಜ್ಜಿ ಹೊಸ ಅಕ್ಷರ ಕುಟ್ಟುತ್ತಾರೆ. ಕಾರ್ಖಾನೆಯ ಬ್ರೋಚ್ (ಮೇಲ್ಮೈ ಹೆರೆಯುವ) ಯಂತ್ರ ಎಳೆದ ಸಣ್ಣ ಸಮಾನಾಂತರ ಗೆರೆಗಳು ಮುಂದಿನಿಂದ ಹಿಂದಕ್ಕೆ ಹೋಗಿರುತ್ತವೆ. ಅವು ಮಾಯವಾಗಿ ಸುರುಳಿ ಗೆರೆ ಅಥವಾ ಕನ್ನಡಿಯಂಥ ನುಣುಪು ಕಂಡರೆ ಬ್ಲಾಕಿನ ಮೇಲ್ಮೈ ಒಮ್ಮೆ ಮಷೀನ್ ಮಾಡಿಸಿದ್ದಾಗಿದೆ. ಹಾಗೆ ಮಾಡಿಸುವುದು ತಪ್ಪಲ್ಲ, ಆದರೆ ಅದರ ಮೇಲೂ ಹಳೆ ಅಕ್ಷರ ಗಾಢವಾಗಿ ಉಳಿದಿದೆ ಎಂದರೆ ಸಂಶಯ ಪಡಬೇಕು. 1967ರಿಂದ 1969ರ ತನಕದ ಕಮಾರೊದಲ್ಲಿ ನಂಬರು 12437 ಎಂದು ಶುರುವಾದರೆ ವಿ8 ಕೂಪೆ ಎಂದಷ್ಟೇ. ಅದು ಝಡ್/28 ಹೌದೋ ಅಲ್ಲವೋ ಎಂದು ಕಾರಿನ ನಂಬರು ಹೇಳುವುದಿಲ್ಲ. 1969ರಲ್ಲಿ 20,302 ಝಡ್/28 ತಯಾರಾದವು. ಬ್ಯಾಡ್ಜನ್ನೇ ನಂಬಿ ಎಣಿಸಿದರೆ ಲೆಕ್ಕ ಅದನ್ನು ಮೀರೀತು.

ಪಾಂಟಿಯಾಕ್ ಜಿಟಿಒ ಕೂಡ 1964 ಮತ್ತು 1965ರಲ್ಲಿ ಲೆಮಾನ್ಸ್ ಕಾರಿನ ಒಂದು ಆಪ್ಷನ್ ಮಾತ್ರ. 1966ರಿಂದ 1971ರ ತನಕ ನಿಜವಾದ ಜಿಟಿಒ ನಂಬರ್ 242 ಎಂದು ಶುರುವಾಗುತ್ತದೆ. ಕ್ರೈಸ್ಲರ್ ಕುಟುಂಬದ ಡಾಡ್ಜ್, ಪ್ಲಿಮತ್‌ಗಳಲ್ಲಿ ಫೋರ್ಡ್‌ನಂತೆ ಐದನೆಯ ಅಕ್ಷರವೇ ಇಂಜಿನ್: 1970ರಲ್ಲಿ R ಎಂದರೆ 426 ಘನ ಇಂಚಿನ ಹೆಮಿ ಎಂಬ ಇಂಜಿನ್, V ಎಂದರೆ ಮೂರು ಕಾರ್ಬುರೇಟರಿನ 440. ಒಂದೇ ಅಕ್ಷರ ಬೆಲೆಯನ್ನು ಹಲವು ಪಟ್ಟು ಏರಿಸುವುದರಿಂದ ಡ್ಯಾಶ್‌ಬೋರ್ಡ್ ಮೇಲಿನ ಪಟ್ಟಿಯ ಜೊತೆಗೆ ರೇಡಿಯೇಟರ್ ಹಿಡಿದಿರುವ ಚೌಕಟ್ಟಿನ ಮೇಲಿನ ನಂಬರನ್ನೂ ತಾಳೆ ನೋಡಬೇಕು.

ದಾಖಲೆಗಳ ವಿಷಯಕ್ಕೆ ಬಂದರೆ, 1967ರಿಂದ ಈಚಿನ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಕಂಪನಿಯ ಮೂಲ ದತ್ತಾಂಶದಿಂದ ತೆಗೆದದ್ದು, ಕಾರು ಯಾವ ಬಣ್ಣ, ಯಾವ ಆಕ್ಸಲ್, ಯಾವ ಆಪ್ಷನ್‌ನೊಂದಿಗೆ ಹೊರಬಂತು ಎಂದು ಹೇಳುತ್ತದೆ. ಪಾಂಟಿಯಾಕ್‌ಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಇದೆ. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಷೆವ್ರೊಲೆಗಳಿಗೆ ಇಂಥ ಅನುಕೂಲ ಇಲ್ಲ. ಕೆನಡಾದಲ್ಲಿ ಮಾರಾಟವಾದವಕ್ಕೆ ಅಲ್ಲಿನ ಜನರಲ್ ಮೋಟಾರ್ಸ್‌ನಿಂದ ಸಿಗುತ್ತದೆ. ಹಾಗಾಗಿ ಷೆವ್ರೊಲೆಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಥವಾ ಸೀಟಿನ ಸ್ಪ್ರಿಂಗುಗಳಲ್ಲಿ ಸಿಕ್ಕಿಕೊಂಡ ಬಿಲ್ಡ್ ಶೀಟ್ (ಜೋಡಣೆಗೆ ಬಳಸಿದ ಕಾರ್ಖಾನೆಯ ಪಟ್ಟಿ), ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಲೋಹದ ವಾರಂಟಿ ಬಿಲ್ಲೆ ಇವಕ್ಕೆ ಬಂಗಾರದ ಬೆಲೆ. ಟೈಟಲ್ ವಿಷಯದಲ್ಲಿ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕ್‌ನಲ್ಲಿ 1972 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಟೈಟಲ್ಲೇ ಇಲ್ಲ, ವರ್ಗಾಯಿಸಬಹುದಾದ ರಿಜಿಸ್ಟ್ರೇಷನ್ನೇ ಮಾಲೀಕತ್ವದ ಪುರಾವೆ. ಕಾಗದವಿಲ್ಲದ, ಬರೀ ರಸೀದಿಯ ಮೇಲೆ ಮಾರುವ ಕಾರನ್ನು ಬಿಡಿಭಾಗಕ್ಕೆ ಮಾತ್ರ ಕೊಳ್ಳಿ.

ಇನ್ನು ತುಕ್ಕು. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲೇ ಬಾಳಿದ ಕಾರಿನ ಮೇಲ್ಮೈ ಹೇಗೇ ಇರಲಿ, ಅಡಿ ತಿಂದುಹೋಗಿರುತ್ತದೆ. ಅರಿಜೋನಾ, ನ್ಯೂಮೆಕ್ಸಿಕೊ, ಕ್ಯಾಲಿಫೋರ್ನಿಯಾದ ಒಳನಾಡಿನ ಕಾರುಗಳ ತಗಡು ಗಟ್ಟಿ, ಆದರೆ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದು, ಸೀಟು ಹರಿದು, ಕಿಟಕಿಯ ರಬ್ಬರ್ ಎಲ್ಲ ಪುಡಿಯಾಗಿರುತ್ತದೆ. ಎರಡರಲ್ಲಿ ಆರಿಸಬೇಕಾದರೆ ಕಣ್ಣುಮುಚ್ಚಿ ಎರಡನೆಯದು. ಸೀಟಿನ ಬಟ್ಟೆ ಪೆಟ್ಟಿಗೆಯಲ್ಲಿ ಹೊಸದಾಗಿ ಬರುತ್ತದೆ.

ಮಸ್ಟ್ಯಾಂಗಿನಲ್ಲಿ ಮೊದಲು ನೋಡಬೇಕಾದ ಜಾಗ ಕೌಲ್. ಬಾನೆಟ್ ಮುಗಿದು ಮುಂದಿನ ಗಾಜು ಶುರುವಾಗುವಲ್ಲಿ ಗಾಳಿಯ ಜಾಲರಿ ಇದೆಯಲ್ಲ, ಅದರ ಕೆಳಗಿನ ಮುಚ್ಚಿದ ಪೆಟ್ಟಿಗೆ ಅದು. ಒಳಗೆ ಎಡಕ್ಕೊಂದು ಬಲಕ್ಕೊಂದು ಟೋಪಿಯಂತೆ ಎದ್ದುನಿಂತ ಗಾಳಿಯ ಬಾಯಿ. ಮಳೆನೀರು ಆ ಟೋಪಿಗಳ ಸುತ್ತ ಹರಿದು ಎರಡು ತುದಿಯಿಂದ ಮಡ್‌ಗಾರ್ಡ್‌ಗಳ ಹಿಂದೆ ಇಳಿದುಹೋಗಬೇಕು. ಎಲೆ, ಮಣ್ಣು ಸೇರಿ ದಾರಿ ಕಟ್ಟಿದರೆ ಒದ್ದೆ ಕಸ ವರ್ಷಗಟ್ಟಲೆ ಅಲ್ಲೇ ಕೂತು ಟೋಪಿಯ ಬುಡ ತಿನ್ನುತ್ತದೆ. ಆಮೇಲೆ ಪ್ರತಿ ಮಳೆಗೂ ನೀರು ನೇರ ಒಳಗೆ, ಕಾರ್ಪೆಟ್ ಅಡಿಗೆ. ನೆಲದ ತಗಡು ಹೋಗುವುದು ಹೀಗೆ. ಎಷ್ಟೋ ಸಲ ರೋಗ ಮೇಲಿದ್ದರೂ ಕೆಳಗೆ ಹೊಸ ತಗಡು ಬೆಸೆದು ಕಾರು ಮಾರುತ್ತಾರೆ, ಎರಡು ಮಳೆಗಾಲಕ್ಕೆ ಅದೂ ಹೋಗುತ್ತದೆ.

ಪರೀಕ್ಷೆ ಸುಲಭ. ಕಾರ್ಪೆಟ್ ಮುಂಭಾಗ ಎತ್ತಿಟ್ಟು, ಒಬ್ಬರು ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ಮಲಗಿ, ಇನ್ನೊಬ್ಬರು ಜಾಲರಿಯ ಒಂದು ತುದಿಗೆ ನಿಧಾನವಾಗಿ ಒಂದು ಬಕೆಟ್ ನೀರು ಹೊಯ್ಯಿರಿ, ಆಮೇಲೆ ಇನ್ನೊಂದು ತುದಿಗೆ. ಒಳಗೆ ಒಂದು ಹನಿಯೂ ಬರಬಾರದು, ಹೊರಗೆ ಎರಡೂ ಕಡೆ ಧಾರೆ ಇಳಿಯಬೇಕು. ಮಾರುವವರು ನೀರು ಹಾಕಲು ಬಿಡದಿದ್ದರೆ ಅದೇ ಉತ್ತರ. ತೂತಾದ ಕೌಲ್ ಸರಿಮಾಡಲು ಬಾನೆಟ್, ಎರಡೂ ಮಡ್‌ಗಾರ್ಡ್, ಮುಂದಿನ ಗಾಜು ತೆಗೆದು, ಸ್ಪಾಟ್ ವೆಲ್ಡ್‌ಗಳನ್ನೆಲ್ಲ ಕಟರ್‌ನಿಂದ ಒಂದೊಂದಾಗಿ ಕೊರೆದು, ಮೇಲಿನ ತಗಡನ್ನು ಎತ್ತಿ, ಕೆಳಗಿನದನ್ನು ಬದಲಿಸಿ ಮತ್ತೆ ಬೆಸೆಯಬೇಕು. ಪ್ಲಾಸ್ಟಿಕ್ ಟೋಪಿ ಅಂಟಿಸಿ ಮುಚ್ಚುವ ಕಿಟ್‌ಗಳು ಸಿಗುತ್ತವೆ. ಅವು ಕಾರು ಮಾರುವ ದಿನದ ತನಕ ತಡೆಯುತ್ತವೆ.

ಕೌಲ್ ಆದಮೇಲೆ ಅಡಿಗೆ ಹೋಗಿ. ಮುಂದಿನ ಫ್ರೇಮ್ ರೈಲು ಮತ್ತು ಬಾಗಿಲ ಕೆಳಗಿನ ರಾಕರ್ ಸೇರುವಲ್ಲಿ ಟಾರ್ಕ್ ಬಾಕ್ಸ್ ಎಂಬ ಉಕ್ಕಿನ ಪೆಟ್ಟಿಗೆ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಒಳಗೆ ಇಳಿಯುತ್ತದೆ. ಬ್ಯಾಟರಿ ಕೂರುವ ಬಲಗಡೆ ಏಪ್ರನ್‌ನಲ್ಲಿ ಆಸಿಡ್ ತಿಂದಿರುತ್ತದೆ. ಡಿಕ್ಕಿಯಲ್ಲಿ 16 ಗ್ಯಾಲನ್ ಪೆಟ್ರೋಲ್ ಟ್ಯಾಂಕೇ ನೆಲ, ಅದರ ಎರಡು ಪಕ್ಕದ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಅಡಿಗೆಲ್ಲ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಖುಷಿಪಡಬೇಡಿ; ಹಳೆ ತುಕ್ಕಿನ ಮೇಲೆ ತಗಡು ಹೊದಿಸಿ ರಿವೆಟ್ ಹೊಡೆದು ಮುಚ್ಚುವವರ ಇಷ್ಟದ ವಸ್ತು ಅದು. ಬಾಡಿಯ ಪಕ್ಕಗಳಿಗೆ ಪೇಂಟ್ ದಪ್ಪ ಅಳೆಯುವ ಮೀಟರ್ ಹಿಡಿಯಿರಿ. ಕಾರ್ಖಾನೆಯ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್. ಒಂದೆರಡು ಸಲ ಮತ್ತೆ ಬಳಿದಿದ್ದರೆ ಇನ್ನೂರು, ಮುನ್ನೂರು. ಐನೂರು ದಾಟಿದರೆ ಕೆಳಗೆ ಪುಟ್ಟಿ ಇದೆ. ಮೀಟರ್ ಇಲ್ಲವೇ, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಹಿಂದಿನ ಚಕ್ರದ ಕಮಾನಿನ ಸುತ್ತ, ಬಾಗಿಲ ಕೆಳಗಂಚಿನಲ್ಲಿ ಎಲ್ಲಿ ಜಾರುತ್ತದೆ ನೋಡಿ.

ಮಡಚುವ ಟಾಪಿನ ಕಾರಾದರೆ ಬಾಗಿಲ ಸಂದಿ ಓದಬೇಕು. ಮಾಡಿನ ಆಸರೆ ಇಲ್ಲದ ಬಾಡಿ, ರಾಕರ್ ಕೊಳೆತರೆ ನಡು ಜೋತುಬೀಳುತ್ತದೆ. ಬಾಗಿಲ ಹಿಂದಿನ ಸಂದಿ ಮೇಲ್ಗಡೆ ಕಿರಿದು, ಕೆಳಗಡೆ ಅಗಲ ಆಗುತ್ತದೆ. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಎತ್ತಿ: ಅಲುಗಿದರೆ ತೊಂದರೆ ಹಿಂಜಿನ ಬುಷ್, ಅಗ್ಗದ ಕೆಲಸ. ಅಲುಗದೆಯೂ ಸಂದಿ ವಕ್ರವಾಗಿದ್ದರೆ ಬಾಡಿಯೇ ಬಗ್ಗಿದೆ. ಅಂಥ ಕಾರಿನ ನೆಲ ಕತ್ತರಿಸುವ ಮೊದಲು ಬಾಡಿಯನ್ನು ಮಟ್ಟವಾಗಿ ಕೂರಿಸಿ, ಬಾಗಿಲ ಬಾಯಿಗೆ ಅಡ್ಡಪಟ್ಟಿ ಬೆಸೆದು ಸಂದಿ ಸರಿಮಾಡಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ನೆಲ ವಕ್ರತೆಯನ್ನೇ ಶಾಶ್ವತ ಮಾಡುತ್ತದೆ. ಬೆಸೆಯುವಾಗ 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರ, ಇಂಚಿಗೊಂದು ಚುಕ್ಕೆ, ಒಂದು ಚುಕ್ಕೆ ಇಲ್ಲಿ ಇನ್ನೊಂದು ಅಲ್ಲಿ. ಉದ್ದಕ್ಕೆ ಒಂದೇ ಸಲ ಎಳೆದರೆ ಬಿಸಿಗೆ ತಗಡು ಹಪ್ಪಳವಾಗುತ್ತದೆ.

ಷೆವ್ರೊಲೆಯ ಕಾರ್ವೆಟ್ ಬಗ್ಗೆ ಒಂದು ಮಾತು. ಅದರ ಬಾಡಿ ಫೈಬರ್‌ಗ್ಲಾಸ್, ತುಕ್ಕಿನ ಚಿಂತೆ ಇಲ್ಲ ಎಂದು ಕೊಳ್ಳುವವರಿದ್ದಾರೆ. ಆ ಫೈಬರಿನ ಒಳಗೆ ಗಾಜು, ಬಾಗಿಲುಗಳನ್ನು ಹಿಡಿದಿರುವ ಉಕ್ಕಿನ ಪಂಜರವಿದೆ, ಕೆಳಗೆ ಉಕ್ಕಿನ ಛಾಸಿ ಇದೆ. ಎರಡೂ ಕೊಳೆಯುತ್ತವೆ, ಮೇಲಿನಿಂದ ಕಾಣುವುದಿಲ್ಲ.

ಹಾಗೆಯೇ "ಫ್ರೇಮ್-ಆಫ್ ರಿಸ್ಟೊರೇಷನ್" ಎಂದು ಮಸ್ಟ್ಯಾಂಗಿನ ಜಾಹೀರಾತಿನಲ್ಲಿ ಕಂಡರೆ ನಗಬಹುದು. ಷೆವೆಲ್, ಜಿಟಿಒ, 1955-57ರ ಬೆಲ್‌ಏರ್‌ಗಳಲ್ಲಿ ಬಾಡಿ ಬೇರೆ, ಛಾಸಿ ಬೇರೆ, ಎತ್ತಿ ಬೇರ್ಪಡಿಸಬಹುದು. ಮಸ್ಟ್ಯಾಂಗಿನಲ್ಲಿ ಬಾಡಿಯೇ ಛಾಸಿ. ಬರೆದವರಿಗೆ ಕಾರು ಗೊತ್ತಿಲ್ಲ, ಅಥವಾ ಓದುವವರಿಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಇಂಜಿನ್ನಿಗೆ ಹೆಚ್ಚು ಹೊತ್ತು ಬೇಡ, ಆದರೂ ನಿಂತ ಕಾರಿಗೆ ಬ್ಯಾಟರಿ ಕಟ್ಟಿ ಒಮ್ಮೆಲೇ ಸ್ಟಾರ್ಟ್ ಮಾಡಬೇಡಿ. ಪ್ಲಗ್ ಎಲ್ಲ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಪಾನಾ ಹಾಕಿ ಕೈಯಲ್ಲಿ ತಿರುಗಿಸಿ. ತಿರುಗಿದರೆ ಕಂಪ್ರೆಷನ್ ನೋಡಿ. ಅತಿ ಕಡಿಮೆಯ ಸಿಲಿಂಡರ್ ಅತಿ ಹೆಚ್ಚಿನದರ ಶೇ 75ಕ್ಕಿಂತ ಕೆಳಗೆ ಇರಬಾರದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಕ್ರ್ಯಾಂಕನ್ನು ಹಿಂದೆ ಮುಂದೆ ಆಡಿಸಿ. ರೋಟರ್ ಅಲುಗುವ ಮೊದಲು ಕ್ರ್ಯಾಂಕ್ 10 ಡಿಗ್ರಿಗೂ ಹೆಚ್ಚು ಓಡಿದರೆ ಟೈಮಿಂಗ್ ಚೈನ್ ಸಡಿಲವಾಗಿದೆ. ಆ ಕಾಲದ ಎಷ್ಟೋ ಇಂಜಿನ್‌ಗಳಲ್ಲಿ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಗೇರಿನ ಹಲ್ಲುಗಳಿಗೆ ಸದ್ದು ಕಡಿಮೆ ಮಾಡಲು ನೈಲಾನ್ ಹೊದಿಕೆ ಕೊಟ್ಟಿದ್ದರು. ವಯಸ್ಸಾದ ನೈಲಾನ್ ಚೂರಾಗಿ ಆಯಿಲ್ ಪ್ಯಾನಿಗೆ ಬಿದ್ದು ಪಂಪಿನ ಜರಡಿಗೆ ಅಂಟುತ್ತದೆ, ಆಯಿಲ್ ಒತ್ತಡ ಕುಸಿಯುತ್ತದೆ, ಬೇರಿಂಗ್ ಹೋಗುತ್ತದೆ. ಚೈನ್ ಬದಲಿಸುವವರು ಪ್ಯಾನ್ ಬಿಚ್ಚಿ ತೊಳೆಯದಿದ್ದರೆ ಕೆಲಸ ಅರ್ಧ.

ಹೊಸ ಕ್ಯಾಮ್ ಹಾಕಿದ ಇಂಜಿನ್ನನ್ನು ಮೊದಲ ಇಪ್ಪತ್ತು, ಮೂವತ್ತು ನಿಮಿಷ 2,000-2,500 ಆರ್‌ಪಿಎಂನಲ್ಲೇ ಓಡಿಸಬೇಕು, ಐಡಲ್‌ಗೆ ಬಿಡಬಾರದು. ಕ್ಯಾಮ್ ಮೇಲೆ ಉಜ್ಜುವ ಚಪ್ಪಟೆ ಟ್ಯಾಪೆಟ್‌ಗೆ ಸತು-ರಂಜಕ ಹೆಚ್ಚಿರುವ ಆಯಿಲ್ ಬೇಕು. ಹೊಸ ಕಾರುಗಳ ತೆಳು ಆಯಿಲ್‌ನಲ್ಲಿ ಅದನ್ನು ಇಳಿಸಿದ್ದಾರೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ಕೊಳವೆ ಮೆತ್ತಗಾಗಿ ಬಿರಿಯುತ್ತದೆ, ಎಲ್ಲವನ್ನೂ ಬದಲಿಸಿ. 1966ರ ತನಕದ ಮಸ್ಟ್ಯಾಂಗಿನ ಬ್ರೇಕ್ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಪ್ರದರ್ಶನದಲ್ಲಿ ಅಂಕ ಹೋದರೂ ಸರಿ, ಓಡಿಸುವ ಕಾರಿಗೆ ಎರಡು ಕೋಣೆಯದು ಹಾಕಿಸಿ. ಪೆಟ್ರೋಲ್ ಮುಳ್ಳೂ ಬಿಸಿಯ ಮುಳ್ಳೂ ಒಟ್ಟಿಗೆ ಸುಳ್ಳು ಹೇಳಿದರೆ ಎರಡನ್ನೂ ಬದಲಿಸಲು ಹೋಗಬೇಡಿ, ಮೀಟರ್ ಹಿಂದಿರುವ ಸಣ್ಣ ವೋಲ್ಟೇಜ್ ರೆಗ್ಯುಲೇಟರ್ ಕೆಟ್ಟಿರುತ್ತದೆ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2314 ಎಂದರೆ 2014ರ 23ನೇ ವಾರ. ಟೈರಿನ ಗೀರು ಎಷ್ಟೇ ಆಳವಿದ್ದರೂ ಅಷ್ಟು ಹಳೆ ಟೈರಿನ ಮೇಲೆ ಹೈವೇ ಹತ್ತಬೇಡಿ.

ಕ್ರೋಮ್ ಅನ್ನು ಎಲ್ಲರೂ ಕೊನೆಗೆ ಲೆಕ್ಕ ಹಾಕುತ್ತಾರೆ, ಮೊದಲು ಹಾಕಬೇಕು. ಉಕ್ಕಿನ ಬಂಪರ್ ತಾಮ್ರ, ನಿಕಲ್, ಕ್ರೋಮ್ ಎಂದು ಮೂರು ಪದರ ಹೊದ್ದು ಹೊಸದಾಗುತ್ತದೆ. ಆದರೆ ದೀಪದ ಸುತ್ತಿನ ಬಳೆ, ಹಿಡಿಕೆ, ಲಾಂಛನಗಳು ಸತುವಿನ ಎರಕ. ಮೇಲೆ ಬಿಳಿ ಗುಳ್ಳೆ ಕಂಡರೆ ಒಳಗೆ ಗುಂಡಿ ಬಿದ್ದಿದೆ. ಹಳೆ ಕ್ರೋಮ್ ತೆಗೆಯುವಾಗ ಅದು ಇನ್ನೂ ಅಗಲವಾಗುತ್ತದೆ, ಒಂದೊಂದನ್ನೂ ಕೊರೆದು ತುಂಬಿಸಬೇಕು. ಮಸ್ಟ್ಯಾಂಗ್, ಕಮಾರೊಗಳಿಗೆ ಇವೆಲ್ಲ ಹೊಸದಾಗಿ ಸಿಗುವುದರಿಂದ ತಲೆನೋವಿಲ್ಲ. ಎಂದೋ ನಿಂತುಹೋದ ಪ್ಯಾಕರ್ಡ್, ಹಡ್ಸನ್, ಎಡ್ಸೆಲ್‌ನಂಥವಕ್ಕೆ ಸಿಗುವುದು ಕಷ್ಟ. ಅಂಥ ಕಾರಿನಲ್ಲಿ ಇಂಜಿನ್ ಇಲ್ಲದಿದ್ದರೂ ಪರವಾಗಿಲ್ಲ, ಹೊಳೆಯುವ ಪಟ್ಟಿಗಳೆಲ್ಲ ಇವೆಯೇ ಎಣಿಸಿ. ನಾಲ್ಕು ಬಾಗಿಲಿನ ಸೆಡಾನ್ ಅಗ್ಗ ಎಂದು ಹಿಗ್ಗುವವರು ನೆನಪಿಡಬೇಕಾದದ್ದು, ಪೇಂಟು, ಕ್ರೋಮ್, ಇಂಜಿನ್ ಕೆಲಸಕ್ಕೆ ಅದೂ ಎರಡು ಬಾಗಿಲಿನದರಷ್ಟೇ ಕೇಳುತ್ತದೆ, ಮಾರುವಾಗ ಕೊಡುವುದಿಲ್ಲ.

ಊರಿಗೆ ತರಿಸುವವರ ವಿಷಯ. ಮೊದಲು 1950ಕ್ಕಿಂತ ಹಿಂದೆ ತಯಾರಾದ ಕಾರುಗಳಿಗೆ ಮಾತ್ರ ಇದ್ದ ಆಮದಿನ ಸಡಿಲಿಕೆಯನ್ನು ಕೇಂದ್ರ ಸರ್ಕಾರ 2025ರಲ್ಲಿ 50 ವರ್ಷ ದಾಟಿದ ಕಾರುಗಳಿಗೂ ವಿಸ್ತರಿಸಿತು. ಹಾಗೆಂದು ಸುಂಕ ಹೋಗಿಲ್ಲ. ಷರತ್ತುಗಳನ್ನೂ ಸುಂಕದ ಲೆಕ್ಕವನ್ನೂ ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲಿ ಪಡೆದ ಮೇಲೆಯೇ ಅಮೆರಿಕದಲ್ಲಿ ಮುಂಗಡ ಕೊಡಿ. ನೋಂದಣಿಗೆ 2021ರ ವಿಂಟೇಜ್ ನಿಯಮಗಳಿವೆ: ಕಾರು ಮೊದಲು ನೋಂದಣಿಯಾಗಿ 50 ವರ್ಷ ಮೀರಿರಬೇಕು, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ VA ಅಕ್ಷರ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿಗೆ ರಸ್ತೆಗಿಳಿಸಬಹುದು; ದಿನನಿತ್ಯದ ಓಡಾಟಕ್ಕಲ್ಲ. ಇನ್ನೊಂದು ಷರತ್ತು ಬಹಳ ಜನರ ಗಮನಕ್ಕೆ ಬಂದಿಲ್ಲ. ಛಾಸಿ, ಬಾಡಿ ಶೆಲ್ ಅಥವಾ ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು, ಕಾರು ಮೂಲ ರೂಪದಲ್ಲೇ ಇರಬೇಕು. ಆರು ಸಿಲಿಂಡರಿನ ಮಸ್ಟ್ಯಾಂಗಿಗೆ ವಿ8 ಹಾಕಿದ ಕಾರು ಅಮೆರಿಕದಲ್ಲಿ ಮೋಜಿನ ಕಾರು, ಊರಿನಲ್ಲಿ ಆರ್‌ಟಿಒ ಮುಂದೆ ಸಮಸ್ಯೆ. ಎಡಗಡೆ ಸ್ಟೀರಿಂಗ್ ಇದ್ದರೆ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನಂತೆ ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ವ್ಯವಸ್ಥೆ ಕಡ್ಡಾಯ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಊರಲ್ಲೇ ದಾರಿಯಿದೆ. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಡಾಡ್ಜ್, ಡಿಸೋಟೊ, ಪ್ಲಿಮತ್‌ಗಳನ್ನು, ಹಿಂದುಸ್ತಾನ್ ಮೋಟಾರ್ಸ್ ಸ್ಟುಡ್‌ಬೇಕರ್ ಅನ್ನು ಭಾರತದಲ್ಲೇ ಜೋಡಿಸಿ ಮಾರಿದ್ದವು, ಬಲಗಡೆ ಸ್ಟೀರಿಂಗ್‌ನೊಂದಿಗೆ. ಇವುಗಳಲ್ಲಿ ಮೆಕ್ಯಾನಿಕ್‌ಗಳು ಎಡವುವುದು ಎರಡು ಕಡೆ. ಒಂದು, ಆಗಿನ ಕರೆಂಟು 6 ವೋಲ್ಟ್. ಷೆವ್ರೊಲೆ 12 ವೋಲ್ಟಿಗೆ ಬದಲಾದದ್ದು 1955ರಲ್ಲಿ, ಫೋರ್ಡ್ 1956ರಲ್ಲಿ. 6 ವೋಲ್ಟಿನ ಫೋರ್ಡ್, ಪ್ಲಿಮತ್‌ಗಳಲ್ಲಿ ಕಾರಿನ ಬಾಡಿಗೆ ಕಟ್ಟಬೇಕಾದದ್ದು ಬ್ಯಾಟರಿಯ ಪಾಸಿಟಿವ್. ಅಭ್ಯಾಸಬಲದಿಂದ ನೆಗೆಟಿವ್ ಕಟ್ಟಿದರೆ ಆಮ್‌ಮೀಟರ್ ತಿರುಗುಮುರುಗಾಗುತ್ತದೆ, ಕಾಯಿಲ್ ಕಿಡಿ ಬಡವಾಗುತ್ತದೆ. 12 ವೋಲ್ಟಿನ ತೆಳು ಬ್ಯಾಟರಿ ಕೇಬಲ್ ಹಾಕಿದರೆ ತಣ್ಣಗಿದ್ದಾಗ ಸ್ಟಾರ್ಟ್ ಆದ ಕಾರು ಬಿಸಿಯಾದ ಮೇಲೆ ತಿರುಗುವುದಿಲ್ಲ. ದೂರು ಸ್ಟಾರ್ಟರ್ ಮೇಲೆ ಬರುತ್ತದೆ. ಎರಡು, ಬೋಲ್ಟುಗಳ ಮರೆ, ಅಂದರೆ ತಿರುಪಿನ ಸುರುಳಿ ಗೆರೆ. ಹಳೆ ಗ್ಯಾರೇಜುಗಳಲ್ಲಿರುವ ಬ್ರಿಟಿಷ್ ವಿಟ್‌ವರ್ತ್ ಅರ್ಧ ಇಂಚಿಗೆ ಇಂಚಿನಲ್ಲಿ 12 ಮರೆ, ಅಮೆರಿಕದ ದಪ್ಪ ಮರೆಯ ಅರ್ಧ ಇಂಚಿಗೆ 13. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯುತ್ತದೆ. ಬಲ ಹಾಕಿದರೆ ಬ್ಲಾಕಿನ ಮರೆ ಹೋಯಿತು.

ದೂರದಿಂದ ಕೊಳ್ಳುವುದಾದರೆ ಬಣ್ಣದ ಫೋಟೊ ಬೇಡ ಎನ್ನಿ. ಏಪ್ರನ್ ನಂಬರು, ಇಂಜಿನ್ ಎರಕದ ತಾರೀಖು, ಟೈಟಲ್‌ನ ಎರಡೂ ಮುಖ, ಕಾರ್ಪೆಟ್ ಎತ್ತಿದ ನೆಲ, ಡ್ಯಾಶ್ ಕೆಳಗಿನಿಂದ ಕೌಲ್, ಡಿಕ್ಕಿಯ ಮೂಲೆಗಳು ಮತ್ತು ಲಿಫ್ಟ್ ಮೇಲೇರಿಸಿ ತೆಗೆದ ಅಡಿಭಾಗ ಕೇಳಿ. ಹರಾಜಿನಲ್ಲಾದರೆ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 10ರಷ್ಟು ಖರೀದಿದಾರನ ಶುಲ್ಕ ಸೇರುತ್ತದೆ. ಹಡಗಿಗೆ ಏರಿಸುವ ಕಾರನ್ನೂ ಮೂಲ ಟೈಟಲ್ ಅಥವಾ ಅದರ ದೃಢೀಕೃತ ಪ್ರತಿಯನ್ನೂ ರಫ್ತಿಗೆ ಕನಿಷ್ಠ 72 ಗಂಟೆ ಮೊದಲು ಬಂದರಿನಲ್ಲಿ ಅಮೆರಿಕದ ಕಸ್ಟಮ್ಸ್ ಮುಂದೆ ಇಡಬೇಕು, ಬರೀ ಫೋಟೊಕಾಪಿ ನಡೆಯುವುದಿಲ್ಲ. ಕಂಟೇನರಿಗೆ ಹೋಗುವ ಮೊದಲು ಪೆಟ್ರೋಲ್ ಬಹುಪಾಲು ಖಾಲಿ ಮಾಡಿಸಿ, ಬ್ಯಾಟರಿ ತಂತಿ ಬಿಚ್ಚಿಸಿ. ಬಿಚ್ಚಿದ ಬ್ಯಾಡ್ಜ್, ಪಟ್ಟಿ, ಬಾಗಿಲ ತಗಡು ಯಾವುದನ್ನೂ ಬೇರೆ ಪೆಟ್ಟಿಗೆಯಲ್ಲಿ ಕಳಿಸದೆ ಕಾರಿನೊಳಗೇ ಕಟ್ಟಿಸಿ, ಪಟ್ಟಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಇತಿ,
ಹಳೆ ಕಾರುಗಳ ಕೆಲಸ ಬಲ್ಲ ಕೆಲವು ಓದುಗರು
ಟ್ರಾಯ್, ಮಿಷಿಗನ್